ಗುಪ್ತಾಂಗದ ನರಹುಲಿ: ಲೇಸರ್ ಬೇಕಾ, ಫ್ರೀಜಿಂಗ್ ಸಾಕಾ? ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಹಾಸನ: ಮೆಡಿಕಲ್ ಶಾಪ್ ಮುಂದೆ ಬೇರೆ ಗಿರಾಕಿಗಳು ಹೋಗುವವರೆಗೂ ಕಾದು ನಿಂತು, ಆಮೇಲೆ ದನಿ ತಗ್ಗಿಸಿ 'ನರಹುಲಿಗೆ ಏನಾದ್ರೂ ಇದ್ರೆ ಕೊಡಿ' ಅಂತ ಕೇಳುವವರು ಎಲ್ಲ ಊರಲ್ಲೂ ಇದ್ದಾರೆ. ಎಲ್ಲಿ ಆಗಿದೆ ಅಂತ ಅಂಗಡಿಯವರು ಕೇಳುವುದಿಲ್ಲ, ಕೇಳಿದರೂ ಇವರು ಹೇಳುವುದಿಲ್ಲ. ಕಾಲಿನ ಆಣಿಗೆ ಹಚ್ಚುವ ಸ್ಯಾಲಿಸಿಲಿಕ್ ಆಸಿಡ್ ಬಾಟಲಿ ಕೈಗೆ ಬರುತ್ತದೆ. ಅಂಗಾಲಿನ ದಪ್ಪ ಚರ್ಮಕ್ಕೆ ಮಾಡಿದ ಔಷಧಿಯನ್ನು ಗುಪ್ತಾಂಗದ ತೆಳು ಚರ್ಮಕ್ಕೆ ಹಚ್ಚಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ನರಹುಲಿ ಇದ್ದಲ್ಲೇ ಇರುತ್ತದೆ, ಸುತ್ತಲಿನ ಚರ್ಮ ಸುಟ್ಟು ಗಾಯವಾಗುತ್ತದೆ.

ಇನ್ನು ಕೆಲವರು ಸುಣ್ಣಕ್ಕೆ ಸೋಡಾ ಕಲಸಿ ಹಚ್ಚುತ್ತಾರೆ, ಕೂದಲಿನಿಂದ ಬಿಗಿದು ಕಟ್ಟುತ್ತಾರೆ, ಗೇರುಬೀಜದ ಸಿಪ್ಪೆಯ ಎಣ್ಣೆ ಸವರುತ್ತಾರೆ. ಕೊನೆಗೆ ಧೈರ್ಯ ಮಾಡಿ ಚರ್ಮದ ಡಾಕ್ಟರ ಹತ್ತಿರ ಹೋದಾಗ ಎರಡು ಮಾತು ಕಿವಿಗೆ ಬೀಳುತ್ತವೆ. ಒಂದು 'ಫ್ರೀಜಿಂಗ್', ಇನ್ನೊಂದು 'ಲೇಸರ್'. ಹೊರಗೆ ಬಂದು ಯಾರನ್ನೂ ಕೇಳುವ ಹಾಗಿಲ್ಲ, ಮನೆಯಲ್ಲಿ ಚರ್ಚಿಸುವ ಹಾಗೂ ಇಲ್ಲ. ಹಾಗಾಗಿ ಹೆಚ್ಚು ದುಡ್ಡಿನದ್ದೇ ಒಳ್ಳೆಯದಿರಬೇಕು ಅಂತ ಸಾಲ ಮಾಡಿ ಲೇಸರ್ ಮಾಡಿಸಿಕೊಳ್ಳುವವರಿದ್ದಾರೆ. ಎರಡು ತಿಂಗಳಿಗೆ ಮತ್ತೆ ಗುಳ್ಳೆ ಎದ್ದಾಗ ಮೋಸ ಹೋದೆ ಅಂದುಕೊಳ್ಳುತ್ತಾರೆ.

ವಿಷಯ ಅಷ್ಟು ಜಟಿಲವಾಗಿಲ್ಲ. ಲೇಸರ್ ಆಗಲಿ, ಫ್ರೀಜಿಂಗ್ ಆಗಲಿ ತೆಗೆಯುವುದು ಕಣ್ಣಿಗೆ ಕಾಣುವ ಗಂಟನ್ನು ಮಾತ್ರ. ಅದಕ್ಕೆ ಕಾರಣವಾದ ವೈರಸ್ಸನ್ನು ಚರ್ಮದಿಂದ ಪೂರ್ತಿ ತೊಳೆದು ಹಾಕುವ ಶಕ್ತಿ ಎರಡಕ್ಕೂ ಇಲ್ಲ. ಆದ್ದರಿಂದ ಯಾವುದು ದೊಡ್ಡ ಚಿಕಿತ್ಸೆ ಅಂತ ನೋಡುವುದಕ್ಕಿಂತ ಗಂಟು ಎಷ್ಟಿವೆ, ಎಷ್ಟು ದಪ್ಪ ಇವೆ, ಎಲ್ಲಿವೆ, ಎಷ್ಟು ಸಲ ಆಸ್ಪತ್ರೆಗೆ ಓಡಾಡಲು ಆಗುತ್ತದೆ ಅಂತ ನೋಡುವುದು ಸರಿ.

ಮೊದಲು ಅದು ನರಹುಲಿಯೇನಾ?

ನಮ್ಮ ಕಡೆ ಮೈಮೇಲೆ ಎದ್ದ ಸಣ್ಣ ಗಂಟಿಗೆಲ್ಲ ನರಹುಲಿ ಅಂತಲೇ ಹೆಸರು. ಕುತ್ತಿಗೆಯಲ್ಲಿ ಜೋತಾಡುವ ಚರ್ಮದ ತುಣುಕಿಗೂ ಅದೇ ಮಾತು, ಕೈಬೆರಳಿನ ಒರಟು ಗಂಟಿಗೂ ಅದೇ ಮಾತು. ಗುಪ್ತಾಂಗದ ನರಹುಲಿ ಇವೆರಡಕ್ಕಿಂತ ಬೇರೆ. ಇದಕ್ಕೆ ಕಾರಣ ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಈ ವೈರಸ್‌ನಲ್ಲಿ ನೂರಕ್ಕೂ ಹೆಚ್ಚು ತಳಿಗಳಿವೆ. ಗುಪ್ತಾಂಗದ ನರಹುಲಿಗಳಲ್ಲಿ ಸುಮಾರು ಶೇ. 90ರಷ್ಟಕ್ಕೆ 6 ಮತ್ತು 11ನೇ ತಳಿಗಳೇ ಕಾರಣ. ಲೈಂಗಿಕ ಸಂಪರ್ಕದಲ್ಲಿ ಚರ್ಮಕ್ಕೆ ಚರ್ಮ ತಾಗಿ ಹರಡುತ್ತದೆ. ಮೊದಮೊದಲು ಸಾಸಿವೆ ಕಾಳಿನಷ್ಟಿರುತ್ತದೆ, ಬಿಟ್ಟರೆ ಗುಂಪಾಗಿ ಬೆಳೆದು ಹೂಕೋಸಿನ ಹಾಗೆ ಕಾಣುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ. ತುರಿಕೆ, ಒರೆಸಿದಾಗ ಸ್ವಲ್ಪ ರಕ್ತ, ಅಷ್ಟೇ.

ಆದರೆ ಆ ಜಾಗದಲ್ಲಿ ಕಂಡ ಗುಳ್ಳೆಯೆಲ್ಲ ನರಹುಲಿ ಅಲ್ಲ. ಶಿಶ್ನದ ತುದಿಯ ಅಂಚಿನಲ್ಲಿ ಸುತ್ತಲೂ ಸಾಲಾಗಿ, ಮುತ್ತು ಪೋಣಿಸಿದ ಹಾಗೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಎಷ್ಟೋ ಗಂಡಸರಿಗೆ ಇರುತ್ತವೆ. ಅದು ಕಾಯಿಲೆಯೇ ಅಲ್ಲ, ಹರಡುವುದೂ ಇಲ್ಲ, ಚಿಕಿತ್ಸೆಯೂ ಬೇಡ. ಹೆಂಗಸರ ಯೋನಿಯ ಬಾಯಿಯ ಹತ್ತಿರವೂ ಇಂಥದ್ದೇ ಮೃದುವಾದ, ಸಹಜವಾದ ಮೊಳಕೆಗಳಿರಬಹುದು. ಮಧ್ಯೆ ಗುಳಿ ಬಿದ್ದ, ಹೊಳೆಯುವ ಗುಳ್ಳೆಯಾದರೆ ಅದು ಮೊಲಸ್ಕಂ ಅನ್ನುವ ಬೇರೆ ವೈರಸ್ಸಿನದು. ಮದುವೆ ನಿಶ್ಚಯವಾದ ಹುಡುಗರು ಮೊಬೈಲ್‌ನಲ್ಲಿ ಫೋಟೋ ಹೋಲಿಸಿ ನೋಡಿಕೊಂಡು ನಿದ್ದೆಗೆಡುವುದು ಹೆಚ್ಚಾಗಿ ಈ ಮೊದಲನೇ ಥರದ ಗುಳ್ಳೆಗೆ. ಇಲ್ಲದ ಕಾಯಿಲೆಗೆ ಲೇಸರ್ ಮಾಡಿಸುವುದಕ್ಕಿಂತ ದೊಡ್ಡ ನಷ್ಟ ಇಲ್ಲ.

ನಿಜವಾಗಿ ಹೆದರಬೇಕಾದ ತಪ್ಪು ಇನ್ನೊಂದಿದೆ. ಸಿಫಿಲಿಸ್ ಎರಡನೇ ಹಂತಕ್ಕೆ ಬಂದಾಗ ಗುಪ್ತಾಂಗ ಮತ್ತು ಗುದದ್ವಾರದ ಸುತ್ತ ಚಪ್ಪಟೆಯಾದ, ಒದ್ದೆ ಒದ್ದೆ ಗಂಟುಗಳು ಏಳುತ್ತವೆ. ನೋಡಲು ನರಹುಲಿಯ ಥರವೇ ಇರುತ್ತವೆ. ಅದನ್ನು ಸುಟ್ಟರೂ ಅಷ್ಟೇ, ಹೆಪ್ಪುಗಟ್ಟಿಸಿದರೂ ಅಷ್ಟೇ, ಕಾಯಿಲೆ ಒಳಗೆ ಮುಂದುವರಿಯುತ್ತದೆ. ಅದಕ್ಕೆ ಬೇಕಾದ್ದು ಪೆನಿಸಿಲಿನ್ ಇಂಜೆಕ್ಷನ್. ಅದಕ್ಕಾಗಿಯೇ ಒಳ್ಳೆಯ ಡಾಕ್ಟರು ಯಂತ್ರ ಮುಟ್ಟುವ ಮೊದಲು ವಿಡಿಆರ್‌ಎಲ್ ಮತ್ತು ಎಚ್‌ಐವಿ ರಕ್ತಪರೀಕ್ಷೆ ಬರೆಯುತ್ತಾರೆ. 'ನನ್ನ ಮೇಲೆ ಅನುಮಾನ ಪಡ್ತಿದ್ದಾರೆ' ಅಂತ ಬೇಜಾರಾಗುವ ವಿಷಯ ಅಲ್ಲ ಅದು. ರಕ್ತಪರೀಕ್ಷೆ ಇಲ್ಲದೆ ಮೊದಲ ದಿನವೇ ಲೇಸರ್‌ಗೆ ಅಡ್ವಾನ್ಸ್ ಕೇಳಿದರೆ ಮಾತ್ರ ಒಮ್ಮೆ ಯೋಚಿಸಬೇಕು.

ಫ್ರೀಜಿಂಗ್ ಅಂದರೆ ಏನು?

ಹಾಸನ ಜಿಲ್ಲೆಯಲ್ಲಿ ಹಸು ಕಟ್ಟಿದವರಿಗೆ ಇದನ್ನು ವಿವರಿಸುವುದು ಸುಲಭ. ಬೆದೆಗೆ ಬಂದ ಹಸುವಿಗೆ ಸೆಮೆನ್ ಹಾಕಲು ಡಾಕ್ಟರು ಬಂದಾಗ ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುವ ಒಂದು ಕ್ಯಾನ್ ಇರುತ್ತದಲ್ಲ, ಅದರೊಳಗಿರುವುದು ದ್ರವರೂಪದ ಸಾರಜನಕ, ಅಂದರೆ ಲಿಕ್ವಿಡ್ ನೈಟ್ರೋಜನ್. ಮೈನಸ್ 196 ಡಿಗ್ರಿ ಸೆಲ್ಸಿಯಸ್ ತಣ್ಣಗಿರುವ ಅದೇ ದ್ರವವನ್ನು ಚರ್ಮದ ಡಾಕ್ಟರು ಸಣ್ಣ ಸ್ಪ್ರೇ ಗನ್ನಿನಿಂದಲೋ, ಹತ್ತಿ ಸುತ್ತಿದ ಕಡ್ಡಿಯಿಂದಲೋ ನರಹುಲಿಗೆ ತಾಗಿಸುತ್ತಾರೆ. ಇದಕ್ಕೆ ಕ್ರಯೋಥೆರಪಿ ಅಂತ ಹೆಸರು. (ಹಾಗಂತ ಹಸು ಡಾಕ್ಟರ ಕ್ಯಾನಿನಿಂದ ಒಂದು ಲೋಟ ಇಸ್ಕೊಂಡು ಮನೆಯಲ್ಲೇ ಪ್ರಯೋಗ ಮಾಡುವ ಸಾಹಸ ಬೇಡ. ಎರಡು ಕ್ಷಣ ಹೆಚ್ಚಾದರೆ ಆಳವಾದ ಗಾಯವಾಗುತ್ತದೆ.)

ನರಹುಲಿ ಮತ್ತು ಅದರ ಸುತ್ತ ಒಂದೆರಡು ಮಿಲಿಮೀಟರ್ ಚರ್ಮ ಬೆಳ್ಳಗೆ ಮಂಜುಗಟ್ಟುವವರೆಗೆ ತಾಗಿಸಬೇಕು. ಗಾತ್ರ ನೋಡಿಕೊಂಡು 10ರಿಂದ 30 ಸೆಕೆಂಡು ಸಾಕು. ಕರಗಿದ ಮೇಲೆ ಹೆಚ್ಚಾಗಿ ಇನ್ನೊಂದು ಸುತ್ತು. ಜೀವಕೋಶದೊಳಗಿನ ನೀರು ಹರಳುಗಟ್ಟಿ, ಕರಗುವಾಗ ಕೋಶವೇ ಒಡೆದು ಸಾಯುತ್ತದೆ. ಆ ಹೊತ್ತಿಗೆ ಮೆಣಸಿನಕಾಯಿ ತಾಗಿದ ಹಾಗೆ ಚುರುಗುಟ್ಟುತ್ತದೆ. ಸಣ್ಣ ಸಂಖ್ಯೆಯಲ್ಲಿದ್ದರೆ ಮರಗಟ್ಟಿಸುವ ಇಂಜೆಕ್ಷನ್ ಬೇಕಾಗುವುದಿಲ್ಲ, ಬೇಕಾದರೆ ಮರಗಟ್ಟಿಸುವ ಕ್ರೀಮ್ ಹಚ್ಚುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ಎದ್ದು ಬರಬಹುದು, ಬೈಕ್ ಓಡಿಸಿಕೊಂಡು ಅಂಗಡಿಗೆ ಹೋಗಬಹುದು.

ಆಮೇಲೆ ಒಂದೆರಡು ದಿನ ಕೆಂಪಾಗಿ ಊತ ಬರುತ್ತದೆ, ನೀರುಗುಳ್ಳೆ ಏಳುತ್ತದೆ, ಕೆಲವೊಮ್ಮೆ ರಕ್ತ ತುಂಬಿದ ಗುಳ್ಳೆ. ಅದನ್ನು ಚುಚ್ಚಬಾರದು. ಒಣಗಿ ಹಕ್ಕಳೆ ಉದುರಲು ಒಂದೆರಡು ವಾರ ಹಿಡಿಯುತ್ತದೆ. ಹೆಚ್ಚಿನವರಿಗೆ ಒಂದೇ ಸಲಕ್ಕೆ ಹೋಗುವುದಿಲ್ಲ. ವಾರಕ್ಕೋ ಎರಡು ವಾರಕ್ಕೋ ಒಂದರಂತೆ ಮೂರು, ನಾಲ್ಕು, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಿಟ್ಟಿಂಗ್ ಬೇಕಾಗುತ್ತದೆ. ಫ್ರೀಜಿಂಗ್‌ನ ದೊಡ್ಡ ತೊಂದರೆ ನೋವಲ್ಲ, ಈ ಓಡಾಟವೇ. ಎರಡನೇ ಸಿಟ್ಟಿಂಗ್ ಆದ ಮೇಲೆ 'ಕಮ್ಮಿ ಆಯ್ತು ಬಿಡು' ಅಂತ ಬಿಟ್ಟವರ ನರಹುಲಿ ಮತ್ತೆ ಚಿಗುರುತ್ತದೆ. ಮೂರ್ನಾಲ್ಕು ಸಿಟ್ಟಿಂಗ್ ಆದರೂ ಅರ್ಧದಷ್ಟೂ ಕುಗ್ಗದಿದ್ದರೆ ಅದನ್ನೇ ಎಳೆಯದೆ ವಿಧಾನ ಬದಲಿಸಿ ಅಂತ ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಕಪ್ಪು, ಗೋಧಿ ಬಣ್ಣದ ಚರ್ಮದವರಿಗೆ ಇನ್ನೊಂದು ಮಾತು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಉಳಿದ ಕೋಶಗಳಿಗಿಂತ ಬೇಗ ಚಳಿಗೆ ಸಾಯುತ್ತವೆ. ಹಾಗಾಗಿ ಫ್ರೀಜಿಂಗ್ ಆದ ಜಾಗದಲ್ಲಿ ಬಿಳಿ ಮಚ್ಚೆ ಉಳಿಯಬಹುದು. ಅದು ತೊನ್ನಲ್ಲ. ಎಷ್ಟೋ ಸಲ ತಿಂಗಳುಗಳಲ್ಲಿ ಬಣ್ಣ ಮರಳುತ್ತದೆ, ಕೆಲವರಿಗೆ ಹಾಗೇ ಉಳಿಯುತ್ತದೆ. ಚಳಿ ತಾಗಿದರೆ ಮೈಯೆಲ್ಲ ದದ್ದು ಏಳುವವರು, ತಣ್ಣಗಾದರೆ ಬೆರಳು ನೀಲಿಗಟ್ಟುವವರು ಫ್ರೀಜಿಂಗ್‌ಗೆ ಮುಂಚೆಯೇ ಹೇಳಬೇಕು.

ಇಷ್ಟು ಸರಳವಾದದ್ದು ತಾಲ್ಲೂಕು ಕೇಂದ್ರದಲ್ಲೆಲ್ಲ ಯಾಕೆ ಸಿಗುವುದಿಲ್ಲ? ಈ ದ್ರವ ಕೂಡಿಟ್ಟರೆ ನಿಲ್ಲುವುದಿಲ್ಲ. ಎಷ್ಟೇ ಒಳ್ಳೆಯ ಕ್ಯಾನ್ ಆದರೂ ದಿನದಿನಕ್ಕೂ ಆವಿಯಾಗುತ್ತಲೇ ಇರುತ್ತದೆ. ರೋಗಿ ಬಂದರೂ ಬರದಿದ್ದರೂ ತುಂಬಿಸುತ್ತಲೇ ಇರಬೇಕು. ವಾರಕ್ಕೆ ಒಬ್ಬಿಬ್ಬರಿಗಾಗಿ ಸಣ್ಣ ಕ್ಲಿನಿಕ್‌ಗೆ ಅದು ಕಟ್ಟುಬೀಳುವುದಿಲ್ಲ. ಕೆಲವರು ಸಿಲಿಂಡರಿನ ನೈಟ್ರಸ್ ಆಕ್ಸೈಡ್ ಬಳಸುವ ಯಂತ್ರ ಇಟ್ಟಿರುತ್ತಾರೆ. ಅದು ಸುಮಾರು ಮೈನಸ್ 89 ಡಿಗ್ರಿವರೆಗೆ ಹೋಗುತ್ತದೆ, ಸಣ್ಣ ನರಹುಲಿಗೆ ಸಾಕು. ಫೋನ್ ಮಾಡಿ ದಿನ ಕೇಳಿಕೊಂಡು ಹೋದರೆ ಬಸ್ ಚಾರ್ಜ್ ಉಳಿಯುತ್ತದೆ.

ಲೇಸರ್ ಏನು ಮಾಡುತ್ತದೆ?

ಲೇಸರ್ ಅಂದರೆ ಒಂದೇ ಯಂತ್ರ ಅಲ್ಲ. ಬ್ಯೂಟಿ ಕ್ಲಿನಿಕ್‌ನಲ್ಲಿ ಕೂದಲು ತೆಗೆಯುವ ಲೇಸರ್ ಬೇರೆ, ಕಣ್ಣಿನ ಆಸ್ಪತ್ರೆಯದು ಬೇರೆ. ನರಹುಲಿಗೆ ಮುಖ್ಯವಾಗಿ ಬಳಸುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ಕಂಡುಹಿಡಿದವರು ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಎನ್. ಪಟೇಲ್. ಇದರ ಕಿರಣ ಕಣ್ಣಿಗೆ ಕಾಣುವುದಿಲ್ಲ. ನೀರಿನ ಅಂಶ ಇದ್ದಲ್ಲಿ ತಕ್ಷಣ ಹೀರಿಕೊಳ್ಳುತ್ತದೆ. ಚರ್ಮದ ತುಂಬ ನೀರೇ ಇರುವುದರಿಂದ ತಾಗಿದ ಜಾಗ ಕ್ಷಣದಲ್ಲಿ ಆವಿಯಾಗಿ ಹೋಗುತ್ತದೆ. ಡಾಕ್ಟರು ಪದರ ಪದರವಾಗಿ ನರಹುಲಿಯನ್ನು ತೆಗೆಯುತ್ತಾ ಹೋಗಬಹುದು. ಸಣ್ಣ ರಕ್ತನಾಳಗಳೂ ಜೊತೆಗೇ ಮುಚ್ಚಿಕೊಳ್ಳುವುದರಿಂದ ರಕ್ತ ಹೆಚ್ಚು ಹೋಗುವುದಿಲ್ಲ.

ಇದರ ದೊಡ್ಡ ಅನುಕೂಲ ಏನಂದರೆ ಎದುರಿಗಿರುವ ಗಂಟೆಲ್ಲ ಹೆಚ್ಚಾಗಿ ಒಂದೇ ದಿನದಲ್ಲಿ ಹೋಗುತ್ತದೆ. ಹೂಕೋಸಿನಂತೆ ದಪ್ಪ ಬೆಳೆದದ್ದು, ಹತ್ತಾರು ಕಡೆ ಹರಡಿದ್ದು, ಫ್ರೀಜಿಂಗ್‌ಗೆ ಬಗ್ಗದ್ದು, ಗುದದ್ವಾರದ ಒಳಗೆ ಅಥವಾ ಮೂತ್ರನಾಳದ ಬಾಯಿಯಲ್ಲಿರುವುದು, ಇಂಥದ್ದಕ್ಕೆ ಲೇಸರ್ ಕೈ ಮೇಲು. ಹೆಂಗಸರಿಗೆ ಯೋನಿಯ ಒಳಗಿದ್ದಾಗಲೂ ಅಷ್ಟೇ. ಅಲ್ಲಿ ತಣ್ಣನೆಯ ಲೋಹದ ಪ್ರೋಬ್ ಒತ್ತಿ ಹಿಡಿದರೆ ಒಳಗೋಡೆ ತೂತು ಬೀಳುವ ಅಪಾಯವಿದೆ, ಅದಕ್ಕೆ ಪ್ರೋಬ್ ಬಳಸುವುದಿಲ್ಲ.

ಆದರೆ ಲೇಸರ್‌ಗೆ ಮರಗಟ್ಟಿಸುವ ಇಂಜೆಕ್ಷನ್ ಬೇಕೇ ಬೇಕು. ಆ ಜಾಗಕ್ಕೆ ಚುಚ್ಚುವ ಸೂಜಿಯೇ ಲೇಸರ್‌ಗಿಂತ ನೋವು ಅನ್ನುವವರಿದ್ದಾರೆ. ತುಂಬ ಹರಡಿದ್ದರೆ ಬೆನ್ನಿಗೆ ಇಂಜೆಕ್ಷನ್ ಅಥವಾ ಪೂರ್ತಿ ಅನಸ್ತೇಷಿಯಾ. ಆಮೇಲೆ ಉಳಿಯುವುದು ತೆರೆದ ಗಾಯ. ವಾಸಿಯಾಗಲು ಎರಡರಿಂದ ನಾಲ್ಕು ವಾರ. ಮೂತ್ರ ಮಾಡುವಾಗ ಉರಿ, ಕೂರುವಾಗ ನೋವು, ದಿನಾ ಬೆಚ್ಚನೆಯ ನೀರಿನ ಟಬ್‌ನಲ್ಲಿ ಕೂರುವುದು, ಮುಲಾಮು. ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂರುವವರು, ಆಟೋ ಓಡಿಸುವವರು ಮೊದಲ ವಾರಕ್ಕೆ ಬದಲಿ ವ್ಯವಸ್ಥೆ ಮಾಡಿಕೊಂಡೇ ದಿನ ಗೊತ್ತು ಮಾಡಿಸಿಕೊಳ್ಳುವುದು ಒಳ್ಳೆಯದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಗಾಯ ಮಾಯುವುದು ಇನ್ನೂ ತಡ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವ ಹೃದ್ರೋಗಿಗಳು ಮುಚ್ಚಿಡದೆ ಹೇಳಬೇಕು.

ಕೈ ಪಳಗಿರಬೇಕು ಅನ್ನುವುದು ಲೇಸರ್ ವಿಷಯದಲ್ಲಿ ಬರೀ ಮಾತಲ್ಲ. ಬೇಕಾದ್ದಕ್ಕಿಂತ ಆಳಕ್ಕೆ ಹೋದರೆ ಕಲೆ ಉಳಿಯುತ್ತದೆ, ಚರ್ಮ ಬಿಗಿಯುತ್ತದೆ, ಮುಂದೊಗಲು ಹಿಂದೆ ಸರಿಯದಂತಾಗಬಹುದು. ಆಳ ಕಡಿಮೆಯಾದರೆ ಬುಡ ಉಳಿಯುತ್ತದೆ. ಇನ್ನೊಂದು ಹೊಗೆ. ನರಹುಲಿ ಆವಿಯಾಗುವಾಗ ಏಳುವ ಹೊಗೆಯಲ್ಲಿ ಈ ವೈರಸ್‌ನ ಅಂಶ ಇರುತ್ತದೆ ಅಂತ ಪತ್ತೆಯಾಗಿದೆ. ಇಂಥ ರೋಗಿಗಳಿಗೆ ಲೇಸರ್ ಮಾಡುತ್ತಿದ್ದ ಸರ್ಜನ್ ಒಬ್ಬರ ಧ್ವನಿಪೆಟ್ಟಿಗೆಯಲ್ಲೇ 6 ಮತ್ತು 11ನೇ ತಳಿಯ ಗಂಟು ಕಾಣಿಸಿಕೊಂಡ ಪ್ರಕರಣ 1991ರಲ್ಲಿ ನಾರ್ವೆಯಿಂದ ವರದಿಯಾಗಿತ್ತು. ಅದಕ್ಕೇ ಹೊಗೆ ಹೀರುವ ಯಂತ್ರ, ಒಳ್ಳೆಯ ಮಾಸ್ಕ್ ಇರಬೇಕು. ಕೋಣೆಯಲ್ಲಿ ಅವೆರಡೂ ಇವೆಯೇ ಅಂತ ಕಣ್ಣಾಡಿಸಿದರೆ ಆ ಜಾಗ ಎಷ್ಟು ಅಚ್ಚುಕಟ್ಟು ಅಂತ ರೋಗಿಗೂ ಅಂದಾಜು ಸಿಗುತ್ತದೆ.

ಒಂದು ಸಣ್ಣ ಗೊಂದಲ. 'ಲೇಸರ್ ಮಾಡಿಸಿದೆ' ಅಂತ ಹೇಳುವ ಎಷ್ಟೋ ಜನ ನಿಜಕ್ಕೂ ಮಾಡಿಸಿಕೊಂಡಿರುವುದು ಕಾಟರಿ ಅಥವಾ ಆರ್‌ಎಫ್, ಅಂದರೆ ವಿದ್ಯುತ್ತಿನಿಂದ ಸುಡುವ ವಿಧಾನ. ಅದೇನೂ ಕೀಳಲ್ಲ. ಸಣ್ಣ ಪಟ್ಟಣಗಳಲ್ಲಿ ಸುಲಭವಾಗಿ ಸಿಗುವುದು ಅದೇ, ಒಂದೇ ಸಲಕ್ಕೆ ಗಂಟು ತೆಗೆಯುವುದರಲ್ಲಿ ಲೇಸರ್‌ಗೆ ಹೆಚ್ಚು ಹಿಂದೆ ಬೀಳುವುದಿಲ್ಲ, ಖರ್ಚೂ ಕಡಿಮೆ. ಆದರೆ ಲೇಸರ್ ದರ ಕಟ್ಟುವಾಗ ಯಂತ್ರ ಯಾವುದು ಅಂತ ಕೇಳುವ ಹಕ್ಕು ದುಡ್ಡು ಕೊಡುವವರಿಗೆ ಇದೆ.

ಯಾರಿಗೆ ಯಾವುದು?

ಒಬ್ಬ ಕಿರಾಣಿ ಅಂಗಡಿಯವರಿಗೆ ಮೆಣಸಿನ ಕಾಳಿನಷ್ಟಿರುವ ನಾಲ್ಕೈದು ನರಹುಲಿ ಇವೆ ಅಂತ ಇಟ್ಟುಕೊಂಡರೆ, ಅವರಿಗೆ ಲೇಸರ್ ಅಂದರೆ ಸೊಳ್ಳೆಗೆ ಬಂದೂಕು ಹಿಡಿದ ಹಾಗೆ. ಫ್ರೀಜಿಂಗ್ ಸಾಕು. ಅಂಗಡಿ ಮುಚ್ಚಬೇಕಿಲ್ಲ, ರಜೆಯ ಕಾರಣ ಮನೆಯಲ್ಲಿ ಹೇಳಬೇಕಿಲ್ಲ. ಅದೇ ವರ್ಷಗಟ್ಟಲೆ ಮುಚ್ಚಿಟ್ಟು ಅಂಗೈ ಅಗಲ ಬೆಳೆಸಿಕೊಂಡವರಿಗೆ ಎಷ್ಟು ಸಲ ಫ್ರೀಜಿಂಗ್ ಮಾಡಿದರೂ ಮೇಲ್ಮೈ ಮಾತ್ರ ಉದುರುತ್ತದೆ. ಅವರಿಗೆ ಲೇಸರ್ ಅಥವಾ ಸರ್ಜರಿಯೇ ಸರಿ. ಇವೆರಡರ ನಡುವೆ ಇರುವವರೇ ಜಾಸ್ತಿ. ಅವರಲ್ಲಿ ಸಕಲೇಶಪುರದ ಎಸ್ಟೇಟ್‌ನಲ್ಲಿ ಕೆಲಸ ಮಾಡುವ, ಪದೇ ಪದೇ ರಜೆ ಸಿಗದ ವ್ಯಕ್ತಿಗೆ ಒಂದೇ ಸಲದ ಚಿಕಿತ್ಸೆ ಅನುಕೂಲವಾಗಬಹುದು. ಹಾಸನ ಪೇಟೆಯಲ್ಲೇ ಇರುವವರಿಗೆ ಸಂಜೆ ಹೊತ್ತಿನ ನಾಲ್ಕು ಸಿಟ್ಟಿಂಗ್ ಕಷ್ಟವಲ್ಲ. ದೊಡ್ಡ ಗಂಟನ್ನು ಲೇಸರ್‌ನಲ್ಲಿ ತೆಗೆದು, ಆಮೇಲೆ ಚಿಗುರಿದ ಸಣ್ಣದಕ್ಕೆ ಫ್ರೀಜಿಂಗ್ ಮಾಡುವುದೂ ಸಾಮಾನ್ಯ.

ಖರ್ಚು ಹೋಲಿಸುವಾಗ ಒಂದು ಸಿಟ್ಟಿಂಗ್‌ನ ದರವನ್ನು ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ. ಫ್ರೀಜಿಂಗ್‌ಗೆ ಒಂದು ಸಲದ ಫೀಸು ಕಡಿಮೆ, ಆದರೆ ಅದನ್ನು ಸಿಟ್ಟಿಂಗ್ ಸಂಖ್ಯೆಯಿಂದ ಗುಣಿಸಿ, ಬಸ್ ಚಾರ್ಜು, ಅರ್ಧ ದಿನದ ವ್ಯಾಪಾರ ಸೇರಿಸಬೇಕು. ಲೇಸರ್‌ಗೆ ಡಾಕ್ಟರ ಫೀಸಿನ ಜೊತೆ ಥಿಯೇಟರ್, ಅನಸ್ತೇಷಿಯಾ, ಡ್ರೆಸ್ಸಿಂಗ್, ಕೆಲಸ ಬಿಟ್ಟ ದಿನಗಳು. ಕೆಲವು ಕಡೆ ಒಂದು ನರಹುಲಿಗೆ ಇಷ್ಟು ಅಂತ ಲೆಕ್ಕ ಹಾಕುವುದೂ ಉಂಟು. ಒಟ್ಟು ಎಷ್ಟಾಗುತ್ತೆ, ಮತ್ತೆ ಬಂದರೆ ಎರಡನೇ ಸಲಕ್ಕೆ ಎಷ್ಟು, ಅಂತ ಮೊದಲೇ ಚೀಟಿಯಲ್ಲಿ ಬರೆಸಿಕೊಂಡರೆ ಆಮೇಲೆ ಜಗಳವಿಲ್ಲ.

ಇವೆರಡೂ ಅಲ್ಲದೆ ಮನೆಯಲ್ಲೇ ಹಚ್ಚಿಕೊಳ್ಳುವ ಇಮಿಕ್ವಿಮಾಡ್ ಕ್ರೀಮ್, ಪೊಡೊಫಿಲೋಟಾಕ್ಸಿನ್, ಡಾಕ್ಟರೇ ಹಚ್ಚುವ ಟಿಸಿಎ ಆಸಿಡ್ ಕೂಡ ಇವೆ. ಸೂಜಿ, ಯಂತ್ರ ಎರಡಕ್ಕೂ ಹೆದರುವವರು ಕೇಳಬಹುದು. ಆದರೆ ಚೀಟಿ ಇಲ್ಲದೆ ಕೌಂಟರ್‌ನಲ್ಲಿ ಕೊಳ್ಳುವ ಔಷಧಿಗಳಲ್ಲ ಇವು. ಏನೂ ಮಾಡದೆ ಕಾದು ನೋಡುವುದೂ ಒಂದು ದಾರಿಯೇ. ಒಂದು ವರ್ಷದೊಳಗೆ ತಾನಾಗಿ ಉದುರಿ ಹೋಗುವವರೂ ಇದ್ದಾರೆ, ಬೆಳೆಯುವವರೂ ಇದ್ದಾರೆ.

ಗರ್ಭಿಣಿಯರಿಗೆ ಲೆಕ್ಕ ಬೇರೆ. ಬಸುರಿನಲ್ಲಿ ಈ ನರಹುಲಿಗಳು ಬೇಗ ಬೆಳೆಯುತ್ತವೆ, ಹೆರಿಗೆಯಾದ ಮೇಲೆ ಎಷ್ಟೋ ಸಲ ತಾವೇ ಕುಗ್ಗುತ್ತವೆ. ಇಮಿಕ್ವಿಮಾಡ್, ಪೊಡೊಫಿಲಿನ್ ಜಾತಿಯ ಔಷಧಿಗಳನ್ನು ಆ ಹೊತ್ತಿನಲ್ಲಿ ಮುಟ್ಟಬಾರದು. ಫ್ರೀಜಿಂಗ್ ಮಾಡಿಸಬಹುದು, ಮಗುವಿಗೆ ತೊಂದರೆಯಿಲ್ಲ. ತುಂಬ ದೊಡ್ಡದಾಗಿ ದಾರಿಗೆ ಅಡ್ಡ ಬರುವಂತಿದ್ದರೆ ಮಾತ್ರ ಲೇಸರ್ ಅಥವಾ ಸರ್ಜರಿಯ ಯೋಚನೆ. ನರಹುಲಿ ಇದೆ ಅನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ.

ಮಕ್ಕಳ ಗುಪ್ತಾಂಗದಲ್ಲಿ ಇಂಥ ಗಂಟು ಕಂಡರೆ ಮನೆಮದ್ದೂ ಬೇಡ, ಊಹೆಯೂ ಬೇಡ. ಹೆರಿಗೆ ವೇಳೆ ತಾಯಿಯಿಂದ, ಇಲ್ಲವೇ ಕೈಯ ನರಹುಲಿಯಿಂದ ಬಂದಿರಬಹುದು. ಯಾರಾದರೂ ಮಗುವಿನ ಜೊತೆ ತಪ್ಪಾಗಿ ನಡೆದುಕೊಂಡಿರಲೂಬಹುದು. ಮಕ್ಕಳ ವೈದ್ಯರಿಗೆ ತಕ್ಷಣ ತೋರಿಸಬೇಕು.

'ಮತ್ತೆ ಬರಲ್ಲ' ಅನ್ನುವ ಗ್ಯಾರಂಟಿ

ಚಿಕಿತ್ಸೆ ಮುಗಿದ ಮೇಲೆ ನೂರರಲ್ಲಿ ಇಪ್ಪತ್ತು ಮೂವತ್ತು ಜನಕ್ಕೆ ನರಹುಲಿ ಮರಳುವುದು ಚರ್ಮದ ಡಾಕ್ಟರಿಗೆ ಹೊಸದಲ್ಲ. ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ. ಲೇಸರ್ ಮಾಡಿಸಿದವರಿಗೂ ಅಷ್ಟೇ, ಫ್ರೀಜಿಂಗ್ ಮಾಡಿಸಿದವರಿಗೂ ಅಷ್ಟೇ. ಯಾಕೆಂದರೆ ಗಂಟಿನ ಸುತ್ತ ನುಣ್ಣಗೆ, ಆರೋಗ್ಯವಾಗಿ ಕಾಣುವ ಚರ್ಮದಲ್ಲೂ ವೈರಸ್ ಕೂತಿರುತ್ತದೆ. ಅದನ್ನು ಹತೋಟಿಗೆ ತರುವುದು ಮೈಯ ರೋಗನಿರೋಧಕ ಶಕ್ತಿ, ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ಒಂದೆರಡು ವರ್ಷ ಹಿಡಿಯುತ್ತದೆ. ಆದ್ದರಿಂದ 'ಒಂದೇ ಸಿಟ್ಟಿಂಗ್, ಬುಡ ಸಮೇತ, ಮತ್ತೆ ಬರುವುದೇ ಇಲ್ಲ' ಅನ್ನುವ ಬೋರ್ಡು ಎಲ್ಲಿ ಕಂಡರೂ ಅದು ನಂಬುವಂಥದ್ದಲ್ಲ. ಮರಳಿ ಬಂದರೆ ಚಿಕಿತ್ಸೆ ಕೆಟ್ಟಿತು ಅಂತಲೂ ಅಲ್ಲ. ಸಾಸಿವೆಯಷ್ಟಿರುವಾಗಲೇ ಹೋಗಿ ತೋರಿಸಿದರೆ ಒಂದೋ ಎರಡೋ ಫ್ರೀಜಿಂಗ್‌ಗೆ ಮುಗಿಯುತ್ತದೆ.

ಬೀಡಿ ಸಿಗರೇಟು ಸೇದುವವರಿಗೆ, ಸಕ್ಕರೆ ಹತೋಟಿ ತಪ್ಪಿದವರಿಗೆ, ಎಚ್‌ಐವಿ ಇದ್ದು ಮಾತ್ರೆ ನಿಲ್ಲಿಸಿದವರಿಗೆ ಹಠ ಹಿಡಿಯುವುದು ಹೆಚ್ಚು. ಆ ಜಾಗಕ್ಕೆ ರೇಜರ್ ಹಾಕುವುದನ್ನು ನಿಲ್ಲಿಸಬೇಕು. ಬ್ಲೇಡು ಗೀರಿದ ದಾರಿಯಲ್ಲೇ ಹೊಸ ನರಹುಲಿ ಸಾಲಾಗಿ ಏಳುತ್ತವೆ. ಗಾಯ ಪೂರ್ತಿ ಮಾಯುವವರೆಗೆ ಲೈಂಗಿಕ ಸಂಪರ್ಕ ಬೇಡ. ಆಮೇಲೂ ಕೆಲವು ತಿಂಗಳು ಕಾಂಡೋಮ್ ಒಳ್ಳೆಯದು, ಆದರೆ ಅದು ಮುಚ್ಚದ ಚರ್ಮದಿಂದಲೂ ಹರಡುವುದರಿಂದ ಪೂರ್ತಿ ರಕ್ಷಣೆ ಅಲ್ಲ.

ಮನೆ ಮುರಿಯುವ ಪ್ರಶ್ನೆ

ಗಂಡನಿಗೋ ಹೆಂಡತಿಗೋ ಇದು ಕಂಡ ದಿನ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ 'ಯಾರಿಂದ ಬಂತು'. ಅದಕ್ಕೆ ಯಾವ ಡಾಕ್ಟರೂ ಖಚಿತ ಉತ್ತರ ಕೊಡಲಾರರು. ವೈರಸ್ ಮೈಗೆ ಸೇರಿದ ಮೇಲೆ ಗಂಟು ಕಾಣಿಸಿಕೊಳ್ಳಲು ಕೆಲವು ವಾರ ಆಗಬಹುದು, ತಿಂಗಳುಗಳಾಗಬಹುದು, ವರ್ಷಗಳೂ ಆಗಬಹುದು. ಮದುವೆಗೆ ಮುಂಚಿನ ಸೋಂಕು ಮದುವೆಯಾಗಿ ಎಷ್ಟೋ ಕಾಲದ ಮೇಲೆ ಹೊರಬರಬಹುದು. ಸೋಂಕಿದ್ದೂ ಒಂದು ಗುಳ್ಳೆಯೂ ಏಳದೆ ಇನ್ನೊಬ್ಬರಿಗೆ ದಾಟಿಸಿದವರು ಇರುತ್ತಾರೆ, ಅವರಿಗೇ ಗೊತ್ತಿರುವುದಿಲ್ಲ. ಇವತ್ತು ನರಹುಲಿ ಕಂಡಿತು ಅಂದರೆ ಇತ್ತೀಚೆಗೆ ಯಾರೋ ದಾರಿ ತಪ್ಪಿದರು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಇಬ್ಬರೂ ಒಟ್ಟಿಗೆ ಹೋಗಿ ತೋರಿಸಿಕೊಳ್ಳುವುದು, ಇದ್ದವರು ಚಿಕಿತ್ಸೆ ಪಡೆಯುವುದು, ಅಲ್ಲಿಗೆ ಸಾಕು.

ಕ್ಯಾನ್ಸರ್ ಭಯವೂ ಇದರ ಬೆನ್ನಿಗೇ ಬರುತ್ತದೆ. ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ಸುಮಾರು ಶೇ. 70ಕ್ಕೆ ಕಾರಣವಾಗುವುದು 16 ಮತ್ತು 18ನೇ ತಳಿ. ನರಹುಲಿ ಮಾಡುವ 6, 11 ಆ ಗುಂಪಿನವಲ್ಲ. ಆದರೆ ಒಬ್ಬರಿಗೇ ಎರಡು ಮೂರು ತಳಿ ಒಟ್ಟಿಗೆ ಇರಬಹುದಾದ್ದರಿಂದ, 30 ದಾಟಿದ ಹೆಂಗಸರು ನರಹುಲಿ ಇರಲಿ ಬಿಡಲಿ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಬೇಗ ಬೆಳೆಯುವ, ಹುಣ್ಣಾದ, ಗಟ್ಟಿಯಾಗಿ ಬುಡಕ್ಕೆ ಅಂಟಿದ, ಕಪ್ಪಾದ ಗಂಟಿದ್ದರೆ ಸುಡುವ ಮೊದಲು ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಫ್ರೀಜಿಂಗ್‌ನಲ್ಲೂ ಲೇಸರ್‌ನಲ್ಲೂ ಗಂಟೇ ನಾಶವಾಗುವುದರಿಂದ ಆಮೇಲೆ ಪರೀಕ್ಷೆಗೆ ಕಳಿಸಲು ಏನೂ ಉಳಿಯುವುದಿಲ್ಲ.

ಲಸಿಕೆಯ ಬಗ್ಗೆ ಒಂದು ಮಾತು. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅದು 6, 11, 16, 18 ಈ ನಾಲ್ಕೂ ತಳಿಗೆ ತಡೆ ಒಡ್ಡುತ್ತದೆ, ಅಂದರೆ ನರಹುಲಿಗೂ ಕ್ಯಾನ್ಸರಿಗೂ. 9ರಿಂದ 26 ವರ್ಷದ ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ಕೊಡಿಸಬಹುದು. 14 ವರ್ಷದೊಳಗೆ ಎರಡು ಡೋಸ್, ಆಮೇಲೆ ಮೂರು. ಆಗಲೇ ಎದ್ದ ನರಹುಲಿಯನ್ನು ಅದು ಉದುರಿಸುವುದಿಲ್ಲ. ಶಾಲೆಯಲ್ಲಿ ಹುಡುಗಿಯರಿಗೆ 2007ರಿಂದಲೇ ಇಂಥ ಲಸಿಕೆ ಕೊಟ್ಟ ಆಸ್ಟ್ರೇಲಿಯಾದಲ್ಲಿ ನಾಲ್ಕೈದು ವರ್ಷಕ್ಕೇ ಎಳೆ ವಯಸ್ಸಿನವರ ನರಹುಲಿ ಪ್ರಕರಣ ಬಹುಪಾಲು ಇಳಿದುಹೋಯಿತು.

ಎಲ್ಲಿಗೆ ಹೋಗಬೇಕು?

ಹಾಸನದ ಹಿಮ್ಸ್ ಸೇರಿದಂತೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮ ಮತ್ತು ಲೈಂಗಿಕ ರೋಗ ವಿಭಾಗ ಇರುತ್ತದೆ. ಖಾಸಗಿಯಲ್ಲಾದರೆ ಎಂಡಿ ಅಥವಾ ಡಿಪ್ಲೊಮಾ ಓದಿದ ಚರ್ಮರೋಗ ತಜ್ಞರು. 'ಗುಪ್ತರೋಗ ತಜ್ಞ' ಅಂತ ಬಸ್ ನಿಲ್ದಾಣದ ಗೋಡೆಯಲ್ಲಿ ಫೋನ್ ನಂಬರ್ ಅಂಟಿಸಿದವರಲ್ಲ. ಹೆಂಗಸರು ಸ್ತ್ರೀರೋಗ ತಜ್ಞರ ಹತ್ತಿರವೂ ಹೋಗಬಹುದು. ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಉಚಿತ. 2017ರ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವ ಹಾಗಿಲ್ಲ, ಫಲಿತಾಂಶವನ್ನು ಇನ್ನೊಬ್ಬರಿಗೆ ಹೇಳುವ ಹಾಗೂ ಇಲ್ಲ. ಮೊದಲು ಫೋನ್‌ನಲ್ಲೇ ಕೇಳಿ ತಿಳಿದುಕೊಳ್ಳಬೇಕು ಅನ್ನುವವರಿಗೆ 1097 ಉಚಿತ ಸಹಾಯವಾಣಿ ಇದೆ, ಹೆಸರು ಹೇಳಬೇಕಿಲ್ಲ.

ಊರಿನ ಪರಿಚಯದವರು ನೋಡಿಬಿಟ್ಟಾರು ಅನ್ನುವ ಅಳುಕಿಗೇ ಎಷ್ಟೋ ಜನ ವರ್ಷಗಟ್ಟಲೆ ತಡ ಮಾಡುತ್ತಾರೆ. ಹೊರರೋಗಿ ಚೀಟಿ ಮಾಡಿಸುವಾಗ ಕೌಂಟರ್‌ನಲ್ಲಿ 'ಚರ್ಮದ ವಿಭಾಗ' ಅಂದರೆ ಸಾಕು. ಗಜಕರ್ಣ, ಮೊಡವೆ, ಕಾಲಿನ ಆಣಿ ಅಂತ ಬಂದವರೂ ಅದೇ ಸಾಲಿನಲ್ಲಿ ಕೂತಿರುತ್ತಾರೆ. ಎಲ್ಲಿ, ಏನಾಗಿದೆ ಅನ್ನುವುದನ್ನು ಪರದೆ ಎಳೆದ ಮೇಲೆ ಡಾಕ್ಟರಿಗೆ ಹೇಳಿದರಾಯಿತು.